ಲಾಗ್ರಿಮಾದ ಮೊದಲ ಬಾರ್‌ನಲ್ಲಿ ಎಷ್ಟು ಕಾರ್ಡ್‌ಗಳಿವೆ? ಗಿಟಾರ್ ಕೃತಿಗಳ ಹಾರ್ಮನಿ ಮತ್ತು ರಚನೆಯನ್ನು ಓದುವ ಬಗೆ

ಕಾಳಿದಂಡೆ (ಕಾರವಾರ):

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ಕ್ಲಾಸಿಕಲ್ ಗಿಟಾರ್ ಅಭ್ಯಾಸ ಮಾಡುತ್ತಿದ್ದೇನೆ. ಕಾರವಾರದಲ್ಲಿ ಈ ವಾದ್ಯವನ್ನು ನೊಟೇಶನ್ ಸಮೇತ ಕಲಿಸುವವರು ನನಗೆ ಸಿಗಲಿಲ್ಲವಾದ್ದರಿಂದ ತಿಂಗಳಿಗೆ ಎರಡು ಸಲ ರೈಲು ಹತ್ತಿ ಮಡಗಾಂವಿಗೆ ಹೋಗಿ ಅಲ್ಲಿಯ ಮಾಸ್ತರರೊಬ್ಬರಲ್ಲಿ ಪಾಠ ಹೇಳಿಸಿಕೊಳ್ಳುತ್ತೇನೆ. ಓದಿ ನುಡಿಸುವುದು ತಕ್ಕಮಟ್ಟಿಗೆ ಬರುತ್ತದೆ. ಕಳೆದ ಪಾಠದಲ್ಲಿ ಸ್ಪೇನಿನ ಗಿಟಾರ್ ರಚನಕಾರ ತಾರೇಗಾನ ಲಾಗ್ರಿಮಾ ಎಂಬ ಕೃತಿಯನ್ನು ತಪ್ಪಿಲ್ಲದೆ ನುಡಿಸಿ ಮುಗಿಸಿದಾಗ ಮಾಸ್ತರರು, ಇದರಲ್ಲಿ ಏನು ನಡೆಯುತ್ತಿದೆ ಎಂದು ಹೇಳಿ ನೋಡೋಣ ಎಂದು ಕೇಳಿದರು. ಇ ಸ್ವರವನ್ನು ನೆಲೆಯಾಗಿಟ್ಟ ಇ ಮೇಜರ್‌ನಲ್ಲಿ ಶುರುವಾಗಿ ನಡುವೆ ಇ ಮೈನರ್‌ಗೆ ಹೋಗಿ ಮತ್ತೆ ಮೊದಲಿಗೆ ಮರಳುತ್ತದೆ ಎಂಬುದಕ್ಕಿಂತ ಹೆಚ್ಚಿನದು ನನ್ನ ಬಾಯಿಂದ ಹೊರಡಲಿಲ್ಲ.

ಮನೆಗೆ ಬಂದು ಹಟಕ್ಕೆ ಬಿದ್ದವನಂತೆ ಕುಳಿತು ಪ್ರತಿಯೊಂದು ಬೀಟಿನಲ್ಲಿ ಕೇಳಿಸುವ ಸ್ವರಗಳನ್ನು ಕೂಡಿಸಿ ಅದಕ್ಕೊಂದು ಕಾರ್ಡಿನ (ಒಟ್ಟಿಗೆ ಮೊಳಗುವ ಸ್ವರಗುಚ್ಛದ) ಹೆಸರು ಬರೆಯತೊಡಗಿದೆ. ಮೊದಲ ಎಂಟು ಬಾರ್‌ಗಳಿಗೇ (ನೊಟೇಶನ್ನಿನಲ್ಲಿ ಎರಡು ಲಂಬಗೆರೆಗಳ ನಡುವಿನ ಒಂದೊಂದು ಖಂಡ) ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಾದವು. ಮೊದಲ ಬಾರ್‌ನ ಎರಡನೆಯ ಬೀಟಿನಲ್ಲೇ ಸಿಕ್ಕಿಬಿದ್ದೆ: ಕೆಳಗೆ ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಮೆಟ್ಟಿಲು ಮೇಲಿನ ಸ್ವರ), ಮೇಲೆ ಎ, ನಡುವೆ ತೆರೆದ ಬಿ ತಂತಿ. ಇದನ್ನು ಎಫ್ ಶಾರ್ಪ್ ಮೈನರ್ ಎನ್ನಬೇಕೋ, ಬಿ7 ಎನ್ನಬೇಕೋ, ಇನ್ನೇನಾದರೂ ಎನ್ನಬೇಕೋ ತಿಳಿಯಲಿಲ್ಲ. ಹಾಳೆ ತುಂಬ ಹೆಸರುಗಳಿವೆ, ಆದರೆ ನುಡಿಸಲು ಕುಳಿತರೆ ಅವುಗಳಲ್ಲಿ ಒಂದೂ ಪ್ರಯೋಜನಕ್ಕೆ ಬರುತ್ತಿಲ್ಲ. ಈ ವಿದ್ಯೆಯನ್ನು ಎಲ್ಲಿಂದ ಹಿಡಿಯಬೇಕು ಎಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಬೇಸ್ (ಹೊನ್ನಾವರ):

ಕಾಳಿದಂಡೆಯವರೇ, ನಾನು ಗಿಟಾರ್ ವಾದಕನಲ್ಲ. ಇಗರ್ಜಿಯ ಗಾಯನವೃಂದದಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಸ್ ಧ್ವನಿಯಲ್ಲಿ ಹಾಡಿದವನು. ಮಗಳು ಗಿಟಾರ್ ಕಲಿಯುವಾಗ ಅವಳ ಪುಸ್ತಕಗಳನ್ನು ನಾನೂ ಓದಿದ್ದೇನೆ. ನಾಲ್ಕು ಧ್ವನಿಗಳ ಹಾಡಿನಲ್ಲಿ ಬೇಸ್ ಹಾಡುವವನಿಗೆ ರಾಗದ ಚೆಂದವೇನೂ ಸಿಗುವುದಿಲ್ಲ, ಆದರೆ ಹಾಡು ಎಲ್ಲಿ ನಡೆಯುತ್ತಿದೆ, ಎಲ್ಲಿ ನಿಲ್ಲುತ್ತಿದೆ ಎಂಬುದು ಅವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಏನೆಂದರೆ, ಕಾರ್ಡಿನ ಹೆಸರುಗಳನ್ನೆಲ್ಲ ರಬ್ಬರಿನಿಂದ ಅಳಿಸಿ, ಲಾಗ್ರಿಮಾದ ಕೆಳಗಿನ ಸಾಲನ್ನು ಮಾತ್ರ ಬಾಯಲ್ಲಿ ಹಾಡಿ. ಧ್ವನಿಗೆ ಎಟುಕದಿದ್ದರೆ ಒಂದು ಸ್ಥಾಯಿ ಮೇಲಿಟ್ಟು ಹಾಡಿದರೂ ನಡೆಯುತ್ತದೆ.

ಮೊದಲ ಬಾರ್‌ನಲ್ಲಿ ನೀವು ಹಾಡುವುದು ಇ, ಎಫ್ ಶಾರ್ಪ್, ಜಿ ಶಾರ್ಪ್. ಮೇಲಿನ ಸಾಲು ಜಿ ಶಾರ್ಪ್, ಎ, ಬಿ. ಎರಡೂ ಸಾಲುಗಳು ಒಂದೇ ದೂರವನ್ನು ಕಾಯ್ದುಕೊಂಡು ಜೊತೆಯಾಗಿ ಮೆಟ್ಟಿಲು ಹತ್ತುತ್ತಿವೆ. ಆ ದೂರ ಒಂದು ಸ್ಥಾಯಿಯ ಮೇಲೆ ಇನ್ನೊಂದು ಮೂರನೆಯ ಅಂತರ, ಅಂದರೆ ಹತ್ತನೆಯ ಅಂತರ. ಬಾರ್ ಶುರುವಾದದ್ದು ಇ ಮೇಜರ್‌ನಲ್ಲಿ. ಮೂರನೆಯ ಬೀಟಿನಲ್ಲಿ ಜಿ ಶಾರ್ಪ್ ಕೆಳಗಿದೆ, ಬಿ ಮೇಲಿದೆ. ಅದೂ ಇ ಮೇಜರೇ, ಮೊದಲನೆಯ ತಲೆಕೆಳಗು (ಮೂಲಸ್ವರದ ಬದಲು ಕಾರ್ಡಿನ ಮೂರನೆಯ ಅಂತರದ ಸ್ವರ ಕೆಳಗಿರುವುದು) ಮಾತ್ರ. ಹಾಗಾದರೆ ನಡುವಿನದು ಒಂದೇ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ದಾಟಿದ ಹೊಸ್ತಿಲು. ಅದಕ್ಕೆ ಹೆಸರು ಬೇಕೇಬೇಕೆಂದಾದರೆ ಬಿ7 ಎನ್ನಬಹುದು. ಬಿ, ಎಫ್ ಶಾರ್ಪ್, ಎ ಮೂರೂ ಅಲ್ಲಿವೆ, ಡಿ ಶಾರ್ಪ್ ಒಂದೇ ಇಲ್ಲ. ಆದರೆ ಅದನ್ನು ಡಾಮಿನೆಂಟ್ (ಐದನೆಯ ಸ್ವರದ ಮೇಲೆ ಕಟ್ಟಿದ, ಮನೆಗೆ ಮರಳಲು ಎಳೆಯುವ ಕಾರ್ಡ್) ಎಂದು ಕರೆದು ಅಲ್ಲಿ ಒತ್ತುಕೊಟ್ಟು ನುಡಿಸಿದರೆ ಕೇಳುವವನಿಗೆ ಹೊಸ್ತಿಲು ಎಡವಿದಂತೆ ಆಗುತ್ತದೆ. ನಿಮ್ಮ ತಲೆಬರಹದ ಪ್ರಶ್ನೆಗೆ ನನ್ನ ಉತ್ತರ: ಒಂದೇ ಕಾರ್ಡ್ ಇದೆ, ಅದು ನಡೆದಾಡುತ್ತಿದೆ.

ಬೇಸ್‌ನಲ್ಲಿರುವ ಸ್ವರ ಮತ್ತು ಕಾರ್ಡಿನ ಮೂಲಸ್ವರ ಎರಡೂ ಒಂದೇ ಆಗಿರಬೇಕಿಲ್ಲ ಎಂಬುದನ್ನು 1722ರಲ್ಲಿ ಫ್ರಾನ್ಸಿನ ರಾಮೋ ತನ್ನ ಹಾರ್ಮನಿ ಗ್ರಂಥದಲ್ಲಿ ವಿಸ್ತಾರವಾಗಿ ಬರೆದಿಟ್ಟ. ಎಫ್ ಶಾರ್ಪ್ ಕಂಡ ಕೂಡಲೇ ಎಫ್ ಶಾರ್ಪ್ ಮೈನರ್ ಎಂದು ಬರೆಯಲು ಹೊರಟ ನಿಮ್ಮ ಕೈಗೆ ಅದೇ ಮದ್ದು.

ಹುಲೇಕಲ್ ದಾರಿ (ಶಿರಸಿ):

ಹಳೆಯ ಬೇಸ್ ಅವರ ವಿವರಣೆ ಓದಿ ನಾನು ಹಾರ್ಮೋನಿಯಂ ತೆಗೆದು ನುಡಿಸಿ ನೋಡಿದೆ. ನನ್ನ ಶಿಕ್ಷಣವೆಲ್ಲ ಹಿಂದೂಸ್ತಾನಿಯದು. ಗಿಟಾರ್ ನನಗೆ ನಲವತ್ತು ದಾಟಿದ ಮೇಲೆ ಹತ್ತಿದ ಗೀಳು. ನಮ್ಮ ಜಿಲ್ಲೆಯಲ್ಲಿ ನನ್ನಂಥವರು ಬಹಳ ಜನ ಇರುವುದರಿಂದ ಅದೇ ಬಾರ್ ಅನ್ನು ನಮ್ಮ ಸ್ವರಗಳಲ್ಲಿ ಹೇಳುತ್ತೇನೆ. ಇ ಸ್ವರವನ್ನು ಷಡ್ಜವೆಂದುಕೊಂಡರೆ, ಕೆಳಗೆ ಸಾ ರೇ ಗ, ಮೇಲೆ ಗ ಮ ಪ, ನಡುವಿನ ತೆರೆದ ತಂತಿ ಉದ್ದಕ್ಕೂ ಪಂಚಮ. ತಂಬೂರಿಯ ಪಂಚಮದಂತೆ ಅದು ಅಲ್ಲಾಡದೆ ನಿಂತಿದೆ, ಉಳಿದೆರಡು ಅದರ ಸುತ್ತ ಚಲಿಸುತ್ತಿವೆ. ಹೀಗೆ ಕೇಳಿದ ಮೇಲೆ ಅಲ್ಲಿ ಮೂರು ಕಾರ್ಡ್‌ಗಳಿವೆ ಎಂದು ನನ್ನ ಕಿವಿಗೆ ಅನ್ನಿಸಲೇ ಇಲ್ಲ.

ಆದರೆ ಈ ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬ ಎಚ್ಚರವೂ ಬೇಕು. ವಾದಿ-ಸಂವಾದಿ ಎಂದರೆ ಟಾನಿಕ್ (ನೆಲೆಯ ಕಾರ್ಡ್) ಮತ್ತು ಡಾಮಿನೆಂಟ್ ಎಂದು ಹೇಳಿಕೊಡುವವರನ್ನು ನಾನು ಕಂಡಿದ್ದೇನೆ, ಅದು ತಪ್ಪು. ವಾದಿಯು ರಾಗದಲ್ಲಿ ಎದ್ದು ಕಾಣುವ ಸ್ವರ. ಡಾಮಿನೆಂಟ್ ಎನ್ನುವುದು ಮುಂದಿನದನ್ನು ಬೇಡುವ ಒಂದು ಸ್ಥಿತಿ. ಹಾಗೆಯೇ ತಿಹಾಯಿ (ಮೂರು ಸಲ ನುಡಿಸುವ ಒಂದೇ ತುಣುಕು) ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ಬೀಳುವುದನ್ನು ಕೇಡೆನ್ಸ್ (ಸಂಗೀತವಾಕ್ಯವನ್ನು ನಿಲ್ಲಿಸುವ ಕಾರ್ಡ್‌ಗಳ ನಡೆ) ಎನ್ನುವುದೂ ಪೂರ್ತಿ ಸರಿಯಲ್ಲ. ತಿಹಾಯಿಯಲ್ಲಿ ನಮ್ಮನ್ನು ಮನೆ ಸೇರಿಸುವುದು ಲಯದ ಲೆಕ್ಕ. ಕೇಡೆನ್ಸ್‌ನಲ್ಲಿ ಸ್ವರಗಳ ಒಳಗಿನ ಎಳೆತ. ನನಗೆ ಇದು ಅರ್ಥವಾಗಲು ಎರಡು ವರ್ಷ ಹಿಡಿಯಿತು, ಏಕೆಂದರೆ ನಮ್ಮಲ್ಲಿ ಷಡ್ಜ ಎಂದಿಗೂ ನೆಲ ಬಿಟ್ಟು ಕದಲುವುದಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಒಂದೇ ಹಾಡಿನ ನಡುವೆ ನೆಲವೇ ಬೇರೆಡೆಗೆ ಹೋಗಿ ಮರಳುತ್ತದೆ.

ಅಂಕೋಲೆ ಆರುತಂತಿ (ಅಂಕೋಲಾ):

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ, ದಯವಿಟ್ಟು ಬೇಸರಿಸಬೇಡಿ. ನಾನು ಟ್ಯಾಬ್ (ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ತೋರಿಸುವ ಬರಹ) ನೋಡಿಕೊಂಡು, ಕೇಳಿಕೊಂಡು, ಕೈಗೆ ಹತ್ತಿಸಿಕೊಂಡು ಕಲಿತವನು. ಸ್ಪ್ಯಾನಿಷ್ ರೊಮಾನ್ಸ್ ಎಂಬ ಗಿಟಾರ್ ಕೃತಿಯನ್ನು ನೂರಾರು ಸಲ ನುಡಿಸಿದ್ದೇನೆ ಮತ್ತು ಅದರಲ್ಲಿ ಎಷ್ಟನೆಯ ಕಾರ್ಡ್ ಎಲ್ಲಿದೆ ಎಂದು ಒಮ್ಮೆಯೂ ಯೋಚಿಸಿಲ್ಲ. ಯಕ್ಷಗಾನದ ಭಾಗವತರು ಪದ್ಯ ಎತ್ತುವ ಮೊದಲು ಸ್ವರಗಳ ಲೆಕ್ಕ ಬರೆದುಕೊಳ್ಳುತ್ತಾರೆಯೇ? ಬೆರಳಿಗೆ ನೆನಪಿದ್ದರೆ ಸಾಕು, ಅಡಿಕೆಯನ್ನು ಸುಲಿದು ಒಳಗೆ ಏನಿದೆ ಎಂದು ನೋಡಿದ ಮೇಲೆ ಆ ಅಡಿಕೆ ಮತ್ತೆ ಮರಕ್ಕೆ ಹತ್ತುವುದಿಲ್ಲ. ಒಂದೇ ತೊಂದರೆ ಎಂದರೆ, ಕಳೆದ ವರ್ಷ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಇದೇ ರೊಮಾನ್ಸ್ ನುಡಿಸುವಾಗ ಮೊದಲ ಭಾಗದೊಳಗೇ ಸುತ್ತುತ್ತ ಸುತ್ತುತ್ತ ಹೊರಬರುವ ದಾರಿ ಕಾಣದೆ ಕೊನೆಗೆ ನಿಲ್ಲಿಸಿಬಿಟ್ಟೆ. ಅದು ಸಭಾಕಂಪನದಿಂದ ಆದದ್ದು, ಶಾಸ್ತ್ರ ತಿಳಿಯದ್ದರಿಂದ ಅಲ್ಲ.

ಹಳೆಯ ಬೇಸ್ (ಹೊನ್ನಾವರ):

ಆರುತಂತಿಯವರೇ, ಭಾಗವತರ ಬಗ್ಗೆ ನಿಮ್ಮೊಡನೆ ವಾದಕ್ಕೆ ನಿಲ್ಲುವುದಿಲ್ಲ. ಅವರು ಬರೆದುಕೊಳ್ಳುವುದಿಲ್ಲ ನಿಜ, ಆದರೆ ಯಾವ ತಾಳದ ಯಾವ ಎಡೆಯಲ್ಲಿ ಎತ್ತುಗಡೆ ಇದೆ ಎಂಬುದು ತಿಳಿಯದೆ ಯಾವ ಭಾಗವತರೂ ಬಾಯಿ ತೆರೆಯುವುದಿಲ್ಲ. ಒಂದು ಮಾತು ಕೇಳುತ್ತೇನೆ. ನೀವು ಸುತ್ತಿದ್ದು ಎಲ್ಲಿ? ಸಾಧ್ಯವಾದರೆ ಬಾರ್ ಲೆಕ್ಕದಲ್ಲಿ ಹೇಳಿ.

ಅಂಕೋಲೆ ಆರುತಂತಿ (ಅಂಕೋಲಾ):

ಬಾರ್ ಲೆಕ್ಕ ನನಗೆ ಗೊತ್ತಿಲ್ಲ. ಮೇಲಿನ ತಂತಿಯಲ್ಲಿ ಏಳನೆಯ ಫ್ರೆಟ್ (ಗಿಟಾರಿನ ಕೊರಳಿನ ಅಡ್ಡಪಟ್ಟಿ), ಐದು, ಮೂರು ಎಂದು ಇಳಿದು, ಮತ್ತೆ ಮೂರು, ಎರಡು, ತೆರೆದ ತಂತಿ ಎಂದು ಬರುವ ಜಾಗ. ಅಲ್ಲಿಂದ ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತಿತ್ತು, ಮುಗಿಸುವ ಕಡೆಗೆ ಹೋಗುತ್ತಿರಲಿಲ್ಲ.

ಹುಲೇಕಲ್ ದಾರಿ (ಶಿರಸಿ):

ಹಳೆಯ ಬೇಸ್ ಅವರಿಗಿಂತ ಮೊದಲು ನಾನೇ ಉತ್ತರಿಸುವ ಆಸೆಯನ್ನು ತಡೆಯಲಾರೆ, ಏಕೆಂದರೆ ನಾನು ವಿಶ್ಲೇಷಣೆ ಕಲಿತದ್ದೇ ಈ ಕೃತಿಯಿಂದ. ಇದರ ಕರ್ತೃ ಯಾರೆಂಬುದು ಇಂದಿಗೂ ತೀರ್ಮಾನವಾಗಿಲ್ಲ; 1952ರ ಫ್ರೆಂಚ್ ಚಲನಚಿತ್ರವೊಂದರಲ್ಲಿ ಸ್ಪೇನಿನ ಗಿಟಾರ್ ವಾದಕ ನಾರ್ಸಿಸೋ ಯೆಪೆಸ್ ನುಡಿಸಿದ ಮೇಲೆ ಲೋಕಪ್ರಸಿದ್ಧವಾಯಿತು. ಮೊದಲ ಭಾಗ ಹದಿನಾರು ಬಾರ್‌ಗಳದು, ಇ ಮೈನರ್‌ನಲ್ಲಿದೆ. ಒಂದು ಬಾರ್‌ಗೆ ಮೂರು ಬೀಟುಗಳಂತೆ ಮೇಲಿನ ತಂತಿಯ ರಾಗವನ್ನು ಮಾತ್ರ ಬರೆಯುತ್ತೇನೆ. ಇಲ್ಲಿ ಗ, ಧ ಕೋಮಲ.

ಪ ಪ ಪ, ಪ ಮ ಗ, ಗ ರೇ ಸಾ, ಸಾ ಗ ಪ. ಆಮೇಲೆ ತಾರಸಪ್ತಕಕ್ಕೆ ಏರಿ ಸಾ ಸಾ ಸಾ, ಸಾ ನಿ ಧ, ಧ ಪ ಮ, ಮ ಪ ಧ. ಇಲ್ಲಿಗೆ ಎಂಟು. ಮುಂದೆ ಪ ಧ ಪ, ನಿ ಧ ಪ, ಪ ಮ ಗ, ಗ ರೇ ಸಾ, ರೇ ರೇ ರೇ, ರೇ ಗ ರೇ, ಸಾ ಸಾ ಸಾ, ಕೊನೆಗೆ ಸಾ.

ಎರಡನೆಯ ಮತ್ತು ಮೂರನೆಯ ಬಾರ್‌ಗಳನ್ನೂ, ಹನ್ನೊಂದು ಮತ್ತು ಹನ್ನೆರಡನೆಯ ಬಾರ್‌ಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಕಡೆ ಪ ಮ ಗ, ಗ ರೇ ಸಾ. ರಾಗ ಒಂದೇ, ಕೆಳಗಿನ ಕಾರ್ಡ್ ಕೂಡ ಒಂದೇ, ಬೆರಳುಗಳೂ ಅವೇ. ಮೊದಲ ಸಲ ಅದರ ಮುಂದೆ ಸಾ ಗ ಪ ಎಂದು ಇ ಮೈನರ್ ಒಳಗೇ ಏರಬೇಕು. ಎರಡನೆಯ ಸಲ ರೇ ರೇ ರೇ ಎಂದು ಬಿ7ಗೆ ಹೋಗಬೇಕು. ಬೆರಳಿಗೆ ಮಾತ್ರ ನೆನಪಿದ್ದರೆ ಅದು ಈ ಕವಲಿನಲ್ಲಿ ಹೆಚ್ಚು ಅಭ್ಯಾಸವಾದ ದಾರಿಯನ್ನೇ ಹಿಡಿಯುತ್ತದೆ. ಆರುತಂತಿಯವರ ಕೈ ಹನ್ನೆರಡನೆಯ ಬಾರ್‌ನಿಂದ ನಾಲ್ಕನೆಯದಕ್ಕೆ ಹಾರುತ್ತಿತ್ತು. ಅಲ್ಲಿಂದ ಮತ್ತೆ ಎಂಟು ಬಾರ್ ನಡೆದು ಅದೇ ಕವಲಿಗೆ ಬರುತ್ತಿದ್ದರು. ಶಿರಸಿ ಬಸ್ ನಿಲ್ದಾಣದಲ್ಲಿ ಬೋರ್ಡು ಓದದೆ ಬಸ್ಸು ಹತ್ತಿದವನ ಕಥೆಯಂತೆ.

ಕಾಳಿದಂಡೆ (ಕಾರವಾರ):

ಇದನ್ನು ಓದಿ ಗಿಟಾರ್ ಎತ್ತಿಕೊಂಡು ಪರೀಕ್ಷಿಸಿದೆ. ನಾನೂ ಒಮ್ಮೆ ನಾಲ್ಕಕ್ಕೆ ಹಾರಿದೆ ಎಂದು ಒಪ್ಪಿಕೊಳ್ಳುತ್ತೇನೆ. ಹಾಗಾದರೆ ಈ ಹದಿನಾರು ಬಾರ್‌ಗಳಲ್ಲಿ ಎಷ್ಟು ಕಾರ್ಡ್‌ಗಳನ್ನು ಬರೆಯಬೇಕು? ಆರನೆಯ ಬಾರ್‌ನಲ್ಲಿ ಇ ಮೈನರ್ ಮೇಲೆ ಡಿ ಬರುವುದರಿಂದ ನಾನು ಇ ಮೈನರ್ ಸೆವೆಂತ್ ಎಂದು ಬರೆದಿದ್ದೆ. ಅದು ಸರಿಯೇ?

ಹಳೆಯ ಬೇಸ್ (ಹೊನ್ನಾವರ):

ನನ್ನ ಲೆಕ್ಕದಲ್ಲಿ ಮೂರೇ ಕಾರ್ಡ್‌ಗಳು: ಇ ಮೈನರ್, ಎ ಮೈನರ್, ಬಿ7. ನೆಲೆಸ್ವರ ಇ ಒಂದು ಎಂದು ಎಣಿಸಿದರೆ ರೋಮನ್ ಅಂಕಿಗಳಲ್ಲಿ ಒಂದು, ನಾಲ್ಕು, ಐದು. ಹೆಸರಿಗಿಂತ ಅವು ಎಷ್ಟೆಷ್ಟು ಹೊತ್ತು ನಿಲ್ಲುತ್ತವೆ ಎಂಬುದನ್ನು ನೋಡಿ. ಇ ಮೈನರ್ ಆರು ಬಾರ್ ನಿಲ್ಲುತ್ತದೆ. ಆಮೇಲೆ ಎ ಮೈನರ್ ಎರಡು, ಬಿ7 ಎರಡು, ಇ ಮೈನರ್ ಎರಡು, ಬಿ7 ಎರಡು, ಇ ಮೈನರ್ ಎರಡು. ಆರು ಬಾರ್‌ಗಳ ತನಕ ಕೆಳಗೆ ಏನೂ ಕದಲದಿರುವುದರಿಂದಲೇ ಮೇಲಿನ ರಾಗ ನಿರಾಳವಾಗಿ ಇಳಿದು, ಮತ್ತೆ ಒಂದು ಸ್ಥಾಯಿಯಷ್ಟು ಮೇಲಕ್ಕೆ ಏರಲು ಅವಕಾಶವಿದೆ. ಏಳನೆಯ ಬಾರ್‌ನಲ್ಲಿ ಐದನೆಯ ತಂತಿಯ ಎ ಬೇಸ್ ಬಂದಾಗ ಮೊದಲ ಸಲ ನೆಲ ಸರಿಯುತ್ತದೆ. ನುಡಿಸುವವರು ಬಹಳ ಮಂದಿ ರಾಗ ಅತಿ ಎತ್ತರಕ್ಕೆ ಹೋಗುವ ಐದನೆಯ ಬಾರ್‌ನಲ್ಲಿ ನಿಧಾನಿಸುತ್ತಾರೆ. ನನ್ನನ್ನು ಕೇಳಿದರೆ ಕಾಯಬೇಕಾದದ್ದು ಏಳರ ಹೊಸ್ತಿಲಿನಲ್ಲಿ, ಆ ಬೇಸ್ ತಂತಿಗಾಗಿ.

ಇನ್ನು ಡಿ ಸ್ವರ. ಅದು ಇ ಮತ್ತು ಸಿ ನಡುವೆ ಒಂದು ಬೀಟಿನ ಹೊತ್ತು ದಾಟಿಹೋಗುವ ಸ್ವರ, ಅದಕ್ಕಾಗಿ ಕಾರ್ಡಿನ ಹೆಸರನ್ನು ಬದಲಿಸಬೇಕಾಗಿಲ್ಲ. ಎರಡನೆಯ ಬಾರ್‌ನ ಎ, ಮೂರನೆಯದರ ಎಫ್ ಶಾರ್ಪ್ ಕೂಡ ಹಾಗೆಯೇ ದಾಟುಸ್ವರಗಳು. ಅವುಗಳಿಗೆ ನೀವು ಬೇರೆ ಹೆಸರು ಕೊಡಲಿಲ್ಲ, ಡಿಗೆ ಮಾತ್ರ ಕೊಟ್ಟಿರಿ. ಸೆವೆಂತ್ ಎಂಬ ಹೆಸರು ಪುಸ್ತಕದಲ್ಲಿ ಸಿದ್ಧವಾಗಿ ಸಿಕ್ಕಿದ್ದೇ ಅದಕ್ಕೆ ಕಾರಣ ಎಂದು ನನ್ನ ಊಹೆ.

ಹುಲೇಕಲ್ ದಾರಿ (ಶಿರಸಿ):

ಇಲ್ಲಿ ನನ್ನದು ಅರ್ಧ ಒಪ್ಪಿಗೆ. ಡಿ ದಾಟುಸ್ವರ, ಸರಿ. ಆದರೆ ಅದರ ಮುಂದಿನ ಸಿ? ಆರನೆಯ ಬಾರ್‌ನ ಮೂರನೆಯ ಬೀಟಿನಲ್ಲಿ ಸಿ ಕೇಳಿಸುವಾಗ ಕೆಳಗೆ ತೆರೆದ ಬಿ ಮತ್ತು ಜಿ ತಂತಿಗಳು ಇನ್ನೂ ಮೊಳಗುತ್ತಿವೆ. ಕೋಮಲ ಧೈವತವು ಪಂಚಮಕ್ಕೆ ಉಜ್ಜುತ್ತದೆ. ಮರುಗಳಿಗೆ ಅದೇ ಸಿ ಏಳನೆಯ ಬಾರ್‌ನ ಮೊದಲ ಬೀಟಿನಲ್ಲಿ ಎ ಮೈನರ್‌ನ ಸ್ವಂತ ಸ್ವರವಾಗಿ ನೆಮ್ಮದಿಯಿಂದ ಕೂರುತ್ತದೆ. ನಾನು ಅದನ್ನು ಮುಂದೆ ಬರುವ ಕಾರ್ಡಿನ ಮುನ್ಸೂಚನೆ ಎಂದು ಓದುತ್ತೇನೆ. ದಾಟುಸ್ವರ ಎಂದು ಬದಿಗಿಡಲು ಮನಸ್ಸು ಬರುವುದಿಲ್ಲ. ಒಂದೇ ಸ್ವರ ಒಂದು ಬಾರ್‌ಗೆರೆಯ ಆಚೆ ಪರಕೀಯ, ಈಚೆ ಮನೆಯದು.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ವಿಶೇಷ ರುಚಿಸುತ್ತದೆ. ಮೇಲೆ ನಾನು ನಿ ಎಂದಷ್ಟೇ ಬರೆದದ್ದು ಬೇಕೆಂದೇ. ಆರನೆಯ ಬಾರ್‌ನ ನಿಷಾದ ಕೋಮಲ, ಹತ್ತನೆಯದು ಶುದ್ಧ. ಇ ಮೈನರ್ ಅನ್ನು ನಾವು ಆಸಾವರಿ ಥಾಟ್ (ರಾಗಗಳ ಮೂಲ ಸ್ವರಶ್ರೇಣಿ) ಎಂದು ನೋಡಿದರೆ ಶುದ್ಧ ನಿಷಾದಕ್ಕೆ ಅಲ್ಲಿ ಸ್ಥಾನವೇ ಇಲ್ಲ. ಹಾಗಿದ್ದರೂ ಅದು ಏಕೆ ಬಂತು? ಪಂಚಮದ ಮೇಲೆ ಕಟ್ಟಿದ ಕಾರ್ಡ್ ಷಡ್ಜವನ್ನು ಬಲವಾಗಿ ಬೇಡಬೇಕಾದರೆ ಷಡ್ಜಕ್ಕೆ ಅರ್ಧ ಮೆಟ್ಟಿಲು ಕೆಳಗಿನ ಸ್ವರ ಅದರೊಳಗೆ ಇರಬೇಕು. ಕೋಮಲ ನಿಷಾದ ಒಂದು ಪೂರ್ಣ ಮೆಟ್ಟಿಲು ದೂರದಲ್ಲಿದೆ, ಅದರ ಎಳೆತ ಸಾಲದು. ಆದ್ದರಿಂದ ಡಿ ಹೋಗಿ ಡಿ ಶಾರ್ಪ್ ಬರುತ್ತದೆ, ಬಿ ಮೈನರ್ ಆಗಬೇಕಿದ್ದದ್ದು ಬಿ7 ಆಗುತ್ತದೆ. ಅಂದರೆ ನಿಷಾದ ಯಾವುದೆಂದು ನೋಡಿದರೆ ಅಲ್ಲಿ ಡಾಮಿನೆಂಟ್ ನಡೆಯುತ್ತಿದೆಯೋ ಇಲ್ಲವೋ ಹೇಳಬಹುದು. ಮೈನರ್ ಕೃತಿಗಳಲ್ಲಿ ನಾನು ಮೊದಲು ಪೆನ್ಸಿಲ್ ಇಡುವುದೇ ಏರಿಸಿದ ಏಳನೆಯ ಸ್ವರದ ಮೇಲೆ.

ಹಳೆಯ ಬೇಸ್ (ಹೊನ್ನಾವರ):

ಸಿ ವಿಷಯದಲ್ಲಿ ಹುಲೇಕಲ್ ದಾರಿಯವರ ಮಾತೇ ಸರಿ, ನಾನು ಅವಸರಪಟ್ಟೆ. ಮಗಳು ಹತ್ತಿರ ಕುಳಿತು ನಿಧಾನವಾಗಿ ನುಡಿಸಿದಾಗ ಆ ಉಜ್ಜುವಿಕೆ ಸ್ಪಷ್ಟವಾಗಿ ಕೇಳಿಸಿತು.

ಕುಮಟೆ ಪೇಟೆ (ಕುಮಟಾ):

ಚರ್ಚೆ ಚೆನ್ನಾಗಿ ಸಾಗಿದೆ. ಅಡ್ಡ ಬಂದದ್ದಕ್ಕೆ ಕ್ಷಮೆ ಇರಲಿ. ಅಭ್ಯಾಸಕ್ಕೆ ಬೇಕಾದ ನೊಟೇಶನ್ ಹಣ ಕೊಡದೆ ಎಲ್ಲಿ ಸಿಗುತ್ತದೆ? ಮತ್ತು ತೀರ ಹೊಸಬರು ಯಾವ ಕೃತಿಯಿಂದ ಆರಂಭಿಸಬೇಕು?

ಕಾಳಿದಂಡೆ (ಕಾರವಾರ):

ಸೋರ್, ಜೂಲಿಯಾನಿ, ಕರ್ಕಾಸಿ, ತಾರೇಗಾ ಎಂಬ ಹಳೆಯ ಗಿಟಾರ್ ರಚನಕಾರರ ಕೃತಿಗಳು ಹಕ್ಕುಸ್ವಾಮ್ಯದಿಂದ ಹೊರಗಿವೆ. ಐಎಂಎಸ್‌ಎಲ್‌ಪಿ ಎಂಬ ಉಚಿತ ನೊಟೇಶನ್ ತಾಣದಲ್ಲಿಯೂ, ಸ್ವೀಡನ್ನಿನ ಬೋಯೆ ಎಂಬ ಗಿಟಾರ್ ನೊಟೇಶನ್ ಸಂಗ್ರಹದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಮುದ್ರಣಗಳೇ ಸಿಗುತ್ತವೆ. ಬೆರಳುಗಳ ಸೂಚನೆ ಕಡಿಮೆ ಇರುವುದರಿಂದ ಅಂಥ ಹಾಳೆಯಲ್ಲಿ ಪೆನ್ಸಿಲ್ ಆಡಿಸಲು ಜಾಗವೂ ಹೆಚ್ಚು. ತೀರ ಹೊಸಬರಿಗೆ ಜೂಲಿಯಾನಿಯ ಒಪಸ್ 1ರ (ಕೃತಿಸಂಖ್ಯೆ 1) ಬಲಗೈಯ 120 ಅಭ್ಯಾಸಗಳನ್ನು ಹೇಳುತ್ತೇನೆ. ಅವುಗಳಲ್ಲಿ ಇರುವುದು ಸಿ ಮೇಜರ್ ಮತ್ತು ಜಿ7 ಎಂಬ ಎರಡೇ ಕಾರ್ಡ್‌ಗಳು. ಬೆರಳಿನ ಕಸರತ್ತು ಎಂದುಕೊಂಡು ನಾನು ವರ್ಷಗಟ್ಟಲೆ ನುಡಿಸಿದ್ದೆ. ಈಗ ನೋಡಿದರೆ ಒಂದರಿಂದ ಐದಕ್ಕೆ, ಐದರಿಂದ ಒಂದಕ್ಕೆ ಹೋಗಿಬರುವ ಎಳೆತವನ್ನು ಕಿವಿಗೆ ಇಳಿಸಲು ಅದಕ್ಕಿಂತ ನೇರವಾದದ್ದು ಬೇರೆ ಕಾಣುವುದಿಲ್ಲ.

ಹಳೆಯ ಬೇಸ್ (ಹೊನ್ನಾವರ):

ಅದಾದ ಮೇಲೆ ಸೋರ್. ಅವನು 1830ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಬೋಧನಗ್ರಂಥದಲ್ಲಿ ಮೂರನೆಯ ಮತ್ತು ಆರನೆಯ ಅಂತರಗಳ ಅಭ್ಯಾಸಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದಾನೆ. ಗೋವೆಯ ಮಾಂಡೊ ಹಾಡುಗಳನ್ನು ಎರಡು ಧ್ವನಿಗಳಲ್ಲಿ ಮೂರನೆಯ ಅಂತರ ಕಾಯ್ದು ಹಾಡುವುದನ್ನು ಕೇಳಿ ಬೆಳೆದ ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. ಲಾಗ್ರಿಮಾದ ಮೊದಲ ಬಾರ್ ಕೂಡ ಅದೇ ಜಾತಿಯದು.

ರಚನೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದನ್ನು ಯಾರೂ ಇನ್ನೂ ಮುಟ್ಟಿಲ್ಲ. ಕೃತಿಯ ಭಾಗಗಳಿಗೆ ಎಬಿಎ, ಎಬಿ ಎಂದು ಅಕ್ಷರ ಹಚ್ಚುವುದನ್ನೇ ರಚನೆಯ ವಿಶ್ಲೇಷಣೆ ಎಂದು ತಿಳಿಯುವ ರೂಢಿ ಇದೆ. ಪೆಟ್ಟಿಗೆಗೆ ಚೀಟಿ ಅಂಟಿಸಿದಂತೆ ಅದು. ಒಳಗೆ ಏನಿದೆ ಎಂಬುದು ಚೀಟಿಯಿಂದ ತಿಳಿಯದು. ನಾನು ಮಗಳಿಗೆ ಹೇಳಿಕೊಟ್ಟ ಕ್ರಮ ಹೀಗಿದೆ. ವಾದ್ಯವಿಲ್ಲದೆ ಹಾಳೆ ಹಿಡಿದು, ಧ್ವನಿಮುದ್ರಣ ಕೇಳುತ್ತ, ಹಾಡುವವನಾಗಿದ್ದರೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆನೋ ಅಲ್ಲಿ ಒಂದು ಅಲ್ಪವಿರಾಮ ಹಾಕಬೇಕು. ಆಮೇಲೆ ಪ್ರತಿ ಅಲ್ಪವಿರಾಮದ ಹಿಂದಿನ ಎರಡು ಬೇಸ್ ಸ್ವರಗಳನ್ನು ಮಾತ್ರ ನೋಡಬೇಕು. ಐದರಿಂದ ಒಂದಕ್ಕೆ ಬಂದಿದ್ದರೆ ವಾಕ್ಯ ಮುಗಿದಿದೆ. ಐದರಲ್ಲೇ ನಿಂತಿದ್ದರೆ ಮಾತು ಅರ್ಧಕ್ಕೆ ನಿಂತಿದೆ, ಉತ್ತರ ಬರಬೇಕಾಗಿದೆ. ಐದು ಬಂದು ಒಂದರ ಬದಲು ಆರಕ್ಕೆ ಹೋಗಿದ್ದರೆ ಸಂಗೀತ ನಮ್ಮನ್ನು ಏಮಾರಿಸಿದೆ. ಈ ನಿಲ್ದಾಣಗಳನ್ನು ಗುರುತಿಸಿದ ಮೇಲಷ್ಟೇ ನಡುವಿನ ದಾರಿಗೆ ಅಂಕಿಗಳನ್ನು ತುಂಬಬೇಕು, ತುಂಬದೆ ಬಿಟ್ಟರೂ ಹಾನಿಯಿಲ್ಲ. ಕಾಳಿದಂಡೆಯವರು ಮಾಡಿದ್ದು ಇದಕ್ಕೆ ವಿರುದ್ಧ ದಿಕ್ಕಿನಿಂದ: ಮೊದಲ ಬೀಟಿನಿಂದ ಒಂದೊಂದೇ ಹೆಸರು ಬರೆಯುತ್ತ ಹೋಗಿ ನಿಲ್ದಾಣ ತಲುಪುವ ಮೊದಲೇ ದಣಿದರು.

ಒಂದು ಎಚ್ಚರಿಕೆ. ಎಂಟು ಬಾರ್ ಕಂಡಲ್ಲೆಲ್ಲ ನಾಲ್ಕು ಪ್ರಶ್ನೆ, ನಾಲ್ಕು ಉತ್ತರ ಎಂದು ಒಡೆಯಲು ಹೋಗಬೇಡಿ. ರೊಮಾನ್ಸ್‌ನ ಎಂಟನೆಯ ಬಾರ್ ನಿಲ್ಲುವುದು ನಾಲ್ಕನೆಯ ಕಾರ್ಡಿನಲ್ಲಿ. ಅಲ್ಲಿ ಮಾತು ಅರ್ಧವೂ ಆಗಿಲ್ಲ, ಪೂರ್ಣವೂ ಆಗಿಲ್ಲ. ಮೊದಲ ಹದಿನಾರೂ ಒಂದೇ ಉಸಿರಿನ ವಾಕ್ಯ ಎಂದು ನಾನು ಓದುತ್ತೇನೆ. ಪುಸ್ತಕದ ಅಚ್ಚಿಗೆ ಅದು ಹೊಂದದಿದ್ದರೆ ಹೊಂದದಿರಲಿ.

ಕಾಳಿದಂಡೆ (ಕಾರವಾರ), ಮೂರು ವಾರಗಳ ನಂತರ:

ಮಳೆ ಹಿಡಿದಾಗಿನಿಂದ ತಂತಿಗಳು ಗಂಟೆಗೊಮ್ಮೆ ಶ್ರುತಿ ಬಿಡುತ್ತಿವೆ, ವಿದ್ಯುತ್ತೂ ಹೋಗಿಬರುತ್ತಿದೆ. ಆದ್ದರಿಂದ ವಾದ್ಯವಿಲ್ಲದೆ ಹಾಳೆ ಓದುವ ಕೆಲಸ ಚೆನ್ನಾಗಿ ನಡೆಯಿತು. ಲಾಗ್ರಿಮಾದ ಇಪ್ಪತ್ತು ಹೆಸರುಗಳನ್ನು ಅಳಿಸಿ ನಿಲ್ದಾಣಗಳನ್ನು ಮಾತ್ರ ಬರೆದುಕೊಂಡು ಹೋಗಿ ಮಾಸ್ತರರಿಗೆ ತೋರಿಸಿದೆ. ಅವರು ನೋಡಿ, ಸರಿ, ಇನ್ನು ಬಾಖ್ ತೆಗೆಯಿರಿ ಎಂದು ಇ ಮೈನರ್ ಸ್ವೀಟಿನ (ನೃತ್ಯಗಳ ಮಾಲಿಕೆಯ) ಬೂರೆ ಎಂಬ ನೃತ್ಯವನ್ನು, ಬಾಖ್ ಕೃತಿಪಟ್ಟಿಯ ಬಿಡಬ್ಲ್ಯೂವಿ 996ರದ್ದನ್ನು, ಕೊಟ್ಟರು.

ಇಲ್ಲಿ ಹೊಸ ಕಷ್ಟ ಎದುರಾಯಿತು. ಎರಡೇ ಧ್ವನಿಗಳಿವೆ. ಮೇಲೊಂದು ಸ್ವರ, ಕೆಳಗೊಂದು ಸ್ವರ. ಮೂರನೆಯದನ್ನು ನಾವೇ ಊಹಿಸಿಕೊಳ್ಳಬೇಕು. ಹುಲೇಕಲ್ ದಾರಿಯವರ ಸಲಹೆಯಂತೆ ನಿಷಾದವನ್ನು ಹುಡುಕಿದೆ. ಎರಡನೆಯ ಬಾರ್‌ನಲ್ಲಿ ಮೇಲಿನ ಧ್ವನಿ ಬಿ, ಸಿ ಶಾರ್ಪ್, ಡಿ ಶಾರ್ಪ್, ಇ ಎಂದು ಏರುತ್ತದೆ. ಇ ಮುಟ್ಟಿದ ಕೂಡಲೇ ಡಿ, ಸಿ, ಬಿ, ಎ, ಜಿ, ಎಫ್ ಶಾರ್ಪ್ ಎಂದು ಇಳಿಯುತ್ತದೆ. ಏರುವಾಗ ಧ ನಿ ಎರಡೂ ಶುದ್ಧ, ಇಳಿಯುವಾಗ ಎರಡೂ ಕೋಮಲ. ಆರೋಹಕ್ಕೊಂದು, ಅವರೋಹಕ್ಕೊಂದು! ಇದನ್ನು ಕಂಡಾಗ ಆದ ಸಂತೋಷವನ್ನು ಮನೆಯಲ್ಲಿ ಯಾರಿಗೂ ವಿವರಿಸಲಾಗಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ಮೊದಲ ಎಂಟು ಬಾರ್‌ಗಳ ಭಾಗ ಇ ಮೈನರ್‌ನಲ್ಲಿ ಮುಗಿಯದೆ ಜಿ ಮೇಜರ್‌ನಲ್ಲಿ ಮುಗಿಯುತ್ತದೆ. ಇದನ್ನು ಇ ಮೈನರ್‌ನ ಮೂರನೆಯ ಕಾರ್ಡ್ ಎಂದು ಬರೆಯಬೇಕೋ, ಜಿ ಮೇಜರ್‌ನ ಒಂದು ಎಂದು ಬರೆಯಬೇಕೋ?

ಹುಲೇಕಲ್ ದಾರಿ (ಶಿರಸಿ):

ಷಡ್ಜ ಕದಲುತ್ತದೆ ಎಂದು ನಾನು ಮೊದಲು ಹೇಳಿದ್ದು ಇದನ್ನೇ. ನನ್ನ ಪರೀಕ್ಷೆ ಸರಳ: ಎಂಟನೆಯ ಬಾರ್‌ನ ಕೊನೆಯಲ್ಲಿ ನಿಲ್ಲಿಸಿ, ಮನಸ್ಸಿಗೆ ಬಂದ ಹಾಗೆ ಸಾ ಎಂದು ಹಾಡಿ. ನಿಮ್ಮ ಬಾಯಿಂದ ಜಿ ಹೊರಟರೆ ನೆಲ ಅಲ್ಲಿಗೆ ಸರಿದಿದೆ, ಜಿ ಮೇಜರ್‌ನ ಒಂದು ಎಂದೇ ಬರೆಯಿರಿ. ಇ ಹೊರಟರೆ ಅದು ಇನ್ನೂ ಮೂರನೆಯ ಕಾರ್ಡ್. ನಾನು ಹಾಡಿದಾಗ ಜಿ ಬಂತು. ಆ ಭಾಗವನ್ನು ಪುನರಾವರ್ತಿಸಲು ಮೊದಲಿಗೆ ಮರಳಿದಾಗ ಇ ಮೈನರ್ ಕೇಳಿ ಕ್ಷಣಕಾಲ ಊರು ತಪ್ಪಿದಂತೆ ಅನ್ನಿಸಿತು.

ಹಳೆಯ ಬೇಸ್ (ಹೊನ್ನಾವರ):

ನನ್ನ ಮತವೂ ಅದೇ. ಎರಡು ಭಾಗಗಳ ನೃತ್ಯರೂಪಗಳಲ್ಲಿ ಮೈನರ್ ಕೃತಿಯ ಮೊದಲ ಭಾಗ ಸಂಬಂಧಿ ಮೇಜರ್‌ಗೆ (ಅವೇ ಸ್ವರಗಳನ್ನು ಬಳಸುವ ಮೇಜರ್‌ಗೆ) ಹೋಗಿ ನಿಲ್ಲುವುದು ಆ ಕಾಲದಲ್ಲಿ ಸಾಮಾನ್ಯ. ಎರಡನೆಯ ಭಾಗದ ಕೆಲಸ ಮನೆಗೆ ಮರಳುವುದು. ಬೂರೆಯ ಎರಡನೆಯ ಭಾಗ ಮೊದಲನೆಯದರ ಎರಡರಷ್ಟು, ಹದಿನಾರು ಬಾರ್, ಇದೆ. ಹೋಗುವುದಕ್ಕಿಂತ ಬರುವುದಕ್ಕೆ ಹೆಚ್ಚು ಹೊತ್ತು ಹಿಡಿದದ್ದು ಏಕೆ, ದಾರಿಯಲ್ಲಿ ಎಲ್ಲೆಲ್ಲಿ ಇಳಿದರು ಎಂದು ಹುಡುಕಿ. ಹೊಸ ಶಾರ್ಪ್ ಕಂಡಲ್ಲೆಲ್ಲ ಅದು ಯಾವ ಸ್ವರಕ್ಕೆ ಅರ್ಧ ಮೆಟ್ಟಿಲು ಕೆಳಗಿದೆ ಎಂದು ನೋಡಿದರೆ ಇಳಿದ ಊರಿನ ಹೆಸರು ಬಹುಮಟ್ಟಿಗೆ ಸಿಗುತ್ತದೆ.

ಎಲ್ಲ ಕೃತಿಗಳಿಗೂ ಇದೇ ಬೀಗದಕೈ ಹೊಂದುತ್ತದೆ ಎಂದು ಮಾತ್ರ ತಿಳಿಯಬೇಡಿ. ಬ್ರೆಜಿಲ್ಲಿನ ವಿಲ್ಲಾ-ಲೋಬೋಸ್ 1920ರ ದಶಕದಲ್ಲಿ ಬರೆದ ಹನ್ನೆರಡು ಎಟ್ಯೂಡ್‌ಗಳಲ್ಲಿ (ಅಭ್ಯಾಸಕೃತಿಗಳಲ್ಲಿ) ಮೊದಲನೆಯದರ ನಡುಭಾಗವನ್ನು ಮಗಳು ನುಡಿಸುವಾಗ ನಾನು ಅಂಕಿ ಬರೆಯಲು ಹೋಗಿ ಸೋತೆ. ಎಡಗೈ ಒಂದೇ ಡಿಮಿನಿಶ್ಡ್ ಕಾರ್ಡಿನ ಆಕಾರವನ್ನು ಹಿಡಿದು ಒಂದೊಂದೇ ಫ್ರೆಟ್ ಕೆಳಗೆ ಜಾರುತ್ತದೆ, ತೆರೆದ ಇ ತಂತಿಗಳು ಮಾತ್ರ ಬದಲಾಗದೆ ಮೊಳಗುತ್ತವೆ. ಪ್ರತಿ ಫ್ರೆಟ್ಟಿಗೆ ಒಂದು ರೋಮನ್ ಅಂಕಿ ಕೊಡುವುದು ಜಾರುಬಂಡೆಗೆ ಮೆಟ್ಟಿಲು ಎಣಿಸಿದ ಹಾಗೆ. ಎಲ್ಲಿ ಜಾರಲು ಆರಂಭಿಸಿತು, ಎಲ್ಲಿ ಬಂದು ನಿಂತಿತು ಎಂದು ಎರಡು ಗುರುತು ಹಾಕಿ, ನಡುವೆ ಒಂದು ಬಾಣ ಎಳೆದುಬಿಟ್ಟೆ.

ಅಂಕೋಲೆ ಆರುತಂತಿ (ಅಂಕೋಲಾ):

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಾನು ಈಗಲೂ ಟ್ಯಾಬ್ ಬಿಟ್ಟಿಲ್ಲ, ರೋಮನ್ ಅಂಕಿಗಳನ್ನು ಕಲಿತೂ ಇಲ್ಲ. ಆದರೆ ರೊಮಾನ್ಸ್‌ನ ಬಾರ್‌ಗಳನ್ನು ಎಣಿಸಿ, ಮೂರನೆಯದರ ಕೊನೆಯಲ್ಲಿ "ಇಲ್ಲೇ ಇರು" ಎಂದೂ, ಹನ್ನೆರಡನೆಯದರ ಕೊನೆಯಲ್ಲಿ "ಬಿ7" ಎಂದೂ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಹತ್ತು ದಿನಗಳಿಂದ ಒಮ್ಮೆಯೂ ಸುತ್ತಿಲ್ಲ. ಈಗ ಉಳಿದಿರುವ ತೊಂದರೆ ಹತ್ತನೆಯ ಬಾರ್‌ನದು: ಏಳನೆಯ ಫ್ರೆಟ್ಟಿನಲ್ಲಿ ಬಾರೆ (ಒಂದೇ ಬೆರಳಿನಿಂದ ಹಲವು ತಂತಿಗಳನ್ನು ಒತ್ತುವುದು) ಹಿಡಿದಿರುವಾಗ ಹುಲೇಕಲ್ ದಾರಿಯವರ ಆ ಶುದ್ಧ ನಿಷಾದಕ್ಕೆ, ಅಂದರೆ ಹನ್ನೊಂದನೆಯ ಫ್ರೆಟ್ಟಿಗೆ, ನನ್ನ ಕಿರುಬೆರಳು ತಲುಪುತ್ತಿಲ್ಲ. ಅದರ ಬಗ್ಗೆ ಬೇರೆ ಚರ್ಚೆ ಆರಂಭಿಸುತ್ತೇನೆ.